ಅಪ್ಪೆಮಿಡಿ ಮರ ಕಂಡಿದ್ದ ಜಪಾನಿ ಸಾಹೇಬರು

ಸುದ್ದಿ ಓದಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಹೆದರಿಕೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಸತ್ತವರ ವಿಷಯ ಬರೆಯಲು ಕೂತು ಮೊದಲ ಸಾಲಿನಲ್ಲೇ ಸುಳ್ಳು ಹೇಳಿದರೆ ಮುಂದಿನದ್ದನ್ನು ಯಾರು ನಂಬುತ್ತಾರೆ?

ಬೆಳಿಗ್ಗೆ ಶಿರಸಿಯ ನನ್ನ ಝೆರಾಕ್ಸ್ ಅಂಗಡಿಯ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಕಂಪ್ಯೂಟರಿನಲ್ಲಿ ಗಿರಾಕಿಗಳು ಕಳಿಸಿದ್ದನ್ನು ನೋಡುತ್ತಿದ್ದೆ. ಆಧಾರ್ ಕಾರ್ಡು, ಪಹಣಿ, ಯಾರದೋ ಮದುವೆ ಆಮಂತ್ರಣದ ಕರಡು. ಅವುಗಳ ನಡುವೆ ಜಪಾನಿನಿಂದ ಒಂದು ಪತ್ರ. ಬರೆದವರು ಸಾಹೇಬರ ಸಣ್ಣ ಕಂಪನಿಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು. ಸಾಹೇಬರು ಹೋದ ತಿಂಗಳು ತೀರಿಕೊಂಡರು, ಬಹಳ ದಿನದಿಂದ ಹುಷಾರಿರಲಿಲ್ಲ, ಅವರು ಮಾಡಿದ ಕೊನೆಯ ಆಟ ಮುಗಿದಿದೆ, ಸದ್ಯದಲ್ಲೇ ಜನರ ಕೈಗೆ ಹೋಗುತ್ತದೆ ಎಂದಿತ್ತು.

ಆ ಕೊನೆಯ ವಾಕ್ಯ ಓದಿ "ಅಯ್ಯೋ, ಮರ!" ಎಂದು ಬಾಯಿಬಿಟ್ಟೇ ಅಂದೆ. ಪಹಣಿ ಝೆರಾಕ್ಸಿಗೆ ಬಂದು ನಿಂತಿದ್ದವರು ಯಾವ ಮರ ಎಂದು ಹಿಂದೆ ತಿರುಗಿ ನೋಡಿದರು.

ನನ್ನ ಸ್ವಭಾವವೇ ಅಂಥದ್ದು. ಹುಟ್ಟಿದ್ದು ಎಕ್ಕಂಬಿಯಲ್ಲಿ, ಅಂಗಡಿ ಇಟ್ಟದ್ದು ಶಿರಸಿಯಲ್ಲಿ, ಚಿಂತೆ ಮಾತ್ರ ಎರಡೂ ಕಡೆ ನನ್ನ ಜೊತೆಗೇ ಓಡಾಡಿಕೊಂಡಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ, ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ಸು ಇಳಿದು ವಾಪಸು ಹೋದವನು ನಾನು. "ನಿಮಗ ಯಾವ ಚಿಂತೀನೂ ಇಲ್ಲ ಅಂದ್ರ, ಯಾಕ ಇಲ್ಲ ಅಂತ ಚಿಂತಿ ಮಾಡ್ತೀರಿ" ಎಂದು ನನ್ನ ಹೆಂಡತಿ ಶಾಂತಾ ಆಡಿಕೊಳ್ಳುತ್ತಾಳೆ. ಇರಲಿ. ಈ ಸಲದ ಹೆದರಿಕೆಗೆ ಕಾರಣವಿತ್ತು. ಅದನ್ನು ಹೇಳಬೇಕಾದರೆ ಸಾಹೇಬರು ಯಾರು ಎಂದು ಮೊದಲು ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ನಾವು ಸಾಹೇಬರು ಅನ್ನುತ್ತಿದ್ದೆವು. ಅವರು ನನ್ನನ್ನು ‘ಅಂಗಡಿ-ಸಾನ್’ ಎಂದು ಕರೆಯುತ್ತಿದ್ದರು. ಸಾನ್ ಎಂದರೆ ನಮ್ಮಲ್ಲಿ ರಾಯರು ಅಂದ ಹಾಗಂತೆ. ಕಂಪ್ಯೂಟರಿನಲ್ಲಿ, ಟಿವಿಯಲ್ಲಿ ಆಡುವ ವಿಡಿಯೊ ಗೇಮುಗಳನ್ನು ಕಟ್ಟುವುದೇ ಅವರ ಜೀವಮಾನದ ಕಸುಬು. ಎರಡು ವರ್ಷದ ಹಿಂದೆ ಬೆಂಗಳೂರಿಗೆ ಯಾವುದೋ ಭಾಷಣಕ್ಕೆ ಬಂದವರು, ಜಲಪಾತ ನೋಡಲು ಸಿದ್ದಾಪುರಕ್ಕೆ ಬಂದರು. ಅಲ್ಲಿ ವಾರವಿದ್ದು ಶಿರಸಿಗೆ ಬಂದರು. ಬಂದವರು ಐದು ತಿಂಗಳು ಇಲ್ಲೇ ಉಳಿದರು. ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಮಹಡಿ ಕೋಣೆ ಹಿಡಿದಿದ್ದರು.

ಮೊದಲ ಸಲ ಅಂಗಡಿಗೆ ಬಂದಾಗ ಅವರು ಮಾತಾಡಲಿಲ್ಲ, ಅವರ ಫೋನು ಮಾತಾಡಿತು. ಅದರೊಳಗಿನ ಹೆಣ್ಣುದನಿ "ದಯವಿಟ್ಟು ಚೌಕಗಳುಳ್ಳ ಕಾಗದವನ್ನು ದಯಪಾಲಿಸಿರಿ" ಎಂದಿತು. ನಾಟಕದ ರಾಣಿಯೇ ಅಂಗಡಿಗೆ ಬಂದಳೇನೋ ಎಂದು ನಾನು ಎದ್ದು ನಿಂತೆ. ಎದುರಿಗೆ ಬೂದು ಟೋಪಿಯ, ಅರವತ್ತು ದಾಟಿದ ಸಣಕಲು ಮನುಷ್ಯ. ಬೇಕಾಗಿದ್ದದ್ದು ಗ್ರಾಫ್ ಹಾಳೆ. ಹತ್ತನೇ ಇಯತ್ತೆಯ ಮಕ್ಕಳಿಗೆಂದು ತರಿಸಿದ್ದ ಕಟ್ಟು ಪೂರಾ ಕೊಟ್ಟೆ. ಅವರು ಒಂದು ಹಾಳೆ ಬೆಳಕಿಗೆ ಹಿಡಿದು, ಚೌಕಗಳ ಗೆರೆ ನೆಟ್ಟಗಿದೆಯೇ ಎಂದು ನೋಡಿ, ಎರಡೂ ಕೈಯಲ್ಲಿ ಕಟ್ಟು ಹಿಡಿದು ನನಗೆ ನಮಸ್ಕಾರ ಮಾಡಿದರು. ಝೆರಾಕ್ಸ್ ಅಂಗಡಿಯವನಿಗೆ ಅಷ್ಟು ಬಾಗಿದವರು ಅದಕ್ಕೆ ಮುಂಚೆ ಯಾರೂ ಇಲ್ಲ, ಆಮೇಲೂ ಇಲ್ಲ.

ಮಾರನೆಯ ದಿನದಿಂದ ಚಹಾದ ಹೊತ್ತಿಗೆ ಬಂದು ಸ್ಟೂಲಿನ ಮೇಲೆ ಕೂರುವುದು ರೂಢಿಯಾಯಿತು. ಅವರ ಇಂಗ್ಲಿಷು ಅರ್ಧ, ನನ್ನದು ಕಾಲು, ಉಳಿದದ್ದು ಫೋನಿನ ರಾಣಿ. ಹೀಗೆ ಸೇರಿಸಿ ಸೇರಿಸಿ ಅವರ ಕಥೆ ನನಗೆ ತಿಳಿದದ್ದು.

ಇಪ್ಪತ್ತೆರಡರ ವಯಸ್ಸಿಗೆ ಕಂಪನಿ ಸೇರಿದಾಗ ಅವರಿಗೆ ಕೊಟ್ಟ ಮೊದಲ ಕೆಲಸ ಒಂದು ಮೋಡ ಬರೆಯುವುದು. ಆಗೆಲ್ಲ ಆಟದ ಚಿತ್ರಗಳನ್ನು ಗ್ರಾಫ್ ಹಾಳೆಯ ಮೇಲೆ ಚೌಕ ತುಂಬಿ ಬರೆಯುತ್ತಿದ್ದರಂತೆ, ಒಂದು ಚೌಕ ಎಂದರೆ ಪರದೆಯ ಮೇಲೆ ಒಂದು ಚುಕ್ಕೆ ಬೆಳಕು. ಎಂಟು ಚೌಕ ಉದ್ದ, ಎಂಟು ಚೌಕ ಅಗಲ, ಅಷ್ಟರೊಳಗೆ ಮೋಡ ಆಗಬೇಕು. ಮೂರು ವಾರ ಹಿಡಿಯಿತಂತೆ.

"ಒಂದು ಮೋಡಕ್ಕ ಮೂರು ವಾರನ್ರಿ ಸಾಹೇಬ್ರ?" ಎಂದೆ.

"ಮೊದಲ ಎರಡು ವಾರ ಅದು ಕುರಿ ಆಗಿತ್ತು" ಎಂದರು. ನಗಲಿಲ್ಲ. ನಗಿಸುವಾಗ ಅವರು ನಗುತ್ತಲೇ ಇರಲಿಲ್ಲ.

ಆಮೇಲೆ ಅವರ ಕೈಯಿಂದ ಒಂದು ಆಟ ಆಯಿತು. ಒಂದು ಮಗು ಬೆಟ್ಟ ಹತ್ತುವ ಆಟ. ಅದು ಎಷ್ಟೋ ದೇಶಕ್ಕೆ ಹೋಗಿ ಅವರಿಗೆ ಹೆಸರು ಬಂತು. ಹೆಸರು ಬಂದದ್ದೇ ಕೆಟ್ಟಿತು. ದೊಡ್ಡ ಕುರ್ಚಿ ಕೊಟ್ಟು ಪೆನ್ಸಿಲ್ ಕಿತ್ತುಕೊಂಡರು. ದಿನವಿಡೀ ಮೀಟಿಂಗು, ಯಾರ ಆಟದಲ್ಲಿ ಎಷ್ಟು ಜನ ಸಾಯಬೇಕು ಎಂಬ ಚರ್ಚೆ. ಐವತ್ತರ ಸುಮಾರಿಗೆ ಬಿಟ್ಟು ಬಂದು ನಾಲ್ಕು ಜನರ ಸಣ್ಣ ಕಂಪನಿ ಮಾಡಿಕೊಂಡರು. ಅಲ್ಲಿ ಮಾಡಿದ ಆಟಗಳಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಒಂದರಲ್ಲಿ ಆಡುವವನು ಒಂದು ಸಣ್ಣ ರೈಲ್ವೆ ಸ್ಟೇಷನ್ನು ಗುಡಿಸುತ್ತಾನೆ, ಅಷ್ಟೇ. ಅದನ್ನು ಯಾರೂ ಕೊಳ್ಳಲಿಲ್ಲವಂತೆ. ಆ ಆಟದ ಮಾತು ತೆಗೆದರೆ ಮಾತ್ರ ಅವರ ಮುಖ ಅರಳುತ್ತಿತ್ತು. "ಬಹಳ ಚೊಕ್ಕ ಸ್ಟೇಷನ್" ಅನ್ನುತ್ತಿದ್ದರು.

ಇನ್ನೊಂದು ಚಟವಿತ್ತು. ತಾವು ಮಾಡಿದ ಪ್ರತಿ ಆಟದಲ್ಲೂ ಎಲ್ಲೋ ಒಂದು ಜಾಗ ಅಡಗಿಸಿ ಇಡುತ್ತಿದ್ದರು. ಒಂದು ಬಾವಿ, ಒಂದು ಕೋಣೆ, ಏನೋ ಒಂದು. ಜೊತೆಯವರಿಗೂ ಹೇಳುತ್ತಿರಲಿಲ್ಲ. ಆಡುವವರು ವರ್ಷಗಟ್ಟಲೆ ಹುಡುಕಿ, ಸಿಕ್ಕಿದ ದಿನ ಹಬ್ಬ ಮಾಡಿ, ಚಿತ್ರ ಸಮೇತ ಇಂಟರ್ನೆಟ್ಟಿಗೆ ಹಾಕುತ್ತಿದ್ದರಂತೆ. ಕೇಳಿದರೆ ಹೇಳುವ ಜಾತಿಯೇ ಅಲ್ಲ ಅವರು. ಒಮ್ಮೆ ನನ್ನನ್ನೇ ಕೂರಿಸಿ ಬೆಟ್ಟ ಹತ್ತುವ ಆಟ ಆಡಿಸಿದರು. ಮೊದಲ ಹಳ್ಳಕ್ಕೇ ಬಿದ್ದೆ. ಮತ್ತೆ ಬಿದ್ದೆ. ಹತ್ತೊಂಬತ್ತು ಸಲ ಬಿದ್ದೆ. ಪಕ್ಕದಲ್ಲಿ ಅವರು ಎರಡೂ ಅಂಗೈ ತೊಡೆಯ ಕೆಳಗೆ ಒತ್ತಿಕೊಂಡು, ತುಟಿ ಕಚ್ಚಿಕೊಂಡು, ನನಗಿಂತ ಹೆಚ್ಚು ಬೆವರುತ್ತಾ ಕೂತಿದ್ದರು.

"ಎಲ್ಲಿ ಜಿಗೀಬೇಕು ಹೇಳಿಬಿಡ್ರಲ್ಲಾ, ಪುಣ್ಯ ಬರ್ತದ!"

"ಹೇಳಿದರೆ ನಿಮ್ಮದಾಗುವುದಿಲ್ಲ ಅಂಗಡಿ-ಸಾನ್."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಬೈದುಕೊಂಡೆ. ಆದರೆ ಅಲ್ಲಿ ಬೆಕ್ಕಿಗೂ ಪ್ರಾಣಸಂಕಟವೇ ಆಗುತ್ತಿತ್ತು, ಅದು ನನ್ನ ಕಣ್ಣಿಗೆ ಬಿತ್ತು. ಮನುಷ್ಯ ನನ್ನ ಹಾಗೇ ಅಂಜುಬುರುಕ. ಕೋಣೆಯ ಬೀಗ ಮೂರು ಸಲ ಜಗ್ಗಿ ನೋಡುತ್ತಿದ್ದರು. ಇಬ್ಬರೂ ಸೇರಿ ಹೊರಟರೆ ಅವರದ್ದು ಮೂರು ಜಗ್ಗು, ನನ್ನದು ಮೂರು ಜಗ್ಗು. ಅದಕ್ಕೇ ಇರಬೇಕು ನಮಗೆ ಕೂಡಿಬಂದದ್ದು.

ನಡೆಯುವಾಗ ಹೆಜ್ಜೆ ಎಣಿಸುವುದು ಅವರ ಇನ್ನೊಂದು ಅಭ್ಯಾಸ. ಬಸ್ಸು ಹತ್ತಿದರೆ ತಿರುವು ಎಣಿಸುತ್ತಿದ್ದರು. ಬರೀ ತಿರುವು ಎಣಿಸಲೆಂದು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗಿ ಅದೇ ಬಸ್ಸಿಗೆ ವಾಪಸು ಬಂದದ್ದುಂಟು. ಬಂದು ಗ್ರಾಫ್ ಹಾಳೆಯ ಮೇಲೆ ದಾರಿ ಬರೆದರೆ, ಇಪ್ಪತ್ತು ವರ್ಷ ಆ ದಾರಿ ಓಡಾಡಿದ ನನಗೇ ಮೈ ಝುಂ ಅನ್ನಬೇಕು, ಅಷ್ಟು ಸರಿ.

ಇನ್ನು ಉಪ್ಪಿನಕಾಯಿ. ಎಲ್ಲ ಕಷ್ಟವೂ ಶುರುವಾದದ್ದು ಅಲ್ಲಿಂದ.

ಒಂದು ಮಧ್ಯಾಹ್ನ ಊಟಕ್ಕೆ ಕರೆದಿದ್ದೆ. ಶಾಂತಾ ರೊಟ್ಟಿ, ಪಲ್ಯ, ಅನ್ನ, ಸಾರು ಎಲ್ಲ ಮಾಡಿ, ಎಲೆಯ ತುದಿಗೆ ಒಂದು ಅಪ್ಪೆಮಿಡಿ ಇಟ್ಟಳು. ಘಟ್ಟದ ಹಳ್ಳದ ದಂಡೆಯಲ್ಲಿ ಬೆಳೆಯುವ ಕಾಡುಮಾವಿನ ಎಳೆಯ ಕಾಯಿ ಅದು, ಹೆಬ್ಬೆರಳಿನಷ್ಟು. ಸಾಹೇಬರು ಕಚ್ಚಿದರು. ಕಣ್ಣಲ್ಲಿ ನೀರು ಬಂತು. ಖಾರ ನೆತ್ತಿಗೆ ಹತ್ತಿತೇನೋ ಎಂದು ನಾನು ನೀರಿನ ತಂಬಿಗೆ ಹಿಡಿದು ನಿಂತೆ. ಅವರು ಕಣ್ಣೊರೆಸಿಕೊಂಡು, ಒಳಗಿನ ಗೊರಟನ್ನೂ ಜಗಿದು ನುಂಗಿ, ಇನ್ನೊಂದು ಬೇಕೆಂದು ಬೆರಳೆತ್ತಿದರು. ಅವರ ತಾಯಿ ಪ್ರತಿ ಮಳೆಗಾಲದ ಮುಂಚೆ ಒಂದು ಜಾತಿಯ ಹುಳಿಹಣ್ಣನ್ನು ಉಪ್ಪಿನಲ್ಲಿ ಹಾಕಿ ಬಿಸಿಲಿಗೆ ಒಣಗಿಸುತ್ತಿದ್ದರಂತೆ. ತಾಯಿ ಹೋದಮೇಲೆ ಅವರೇ ಹಾಕುತ್ತಿದ್ದರು. ಕೆಲಸ ಬಿಟ್ಟರೆ ಜೀವನದಲ್ಲಿ ಅವರಿಗೆ ಬೇರೆ ಆಸೆ ಇದ್ದದ್ದು ಅದೊಂದೇ, ಉಪ್ಪು ಮತ್ತು ಹುಳಿ.

ಶಾಂತಾ ಪ್ರತಿ ವರ್ಷ ಒಂದು ಭರಣಿ ಮಿಡಿ ಹಾಕುತ್ತಾಳೆ. ಮಿಡಿ ತಂದುಕೊಡುವವಳು ಇಡಗುಂದಿ ಕಡೆಯ ಗಂಗಕ್ಕ. ತುಂಡು ಗದ್ದೆ, ಕಾಡಿನ ಕೆಲಸ, ಜೊತೆಗೆ ಮಿಡಿ. ಅವಳ ಗಂಡನ ಮನೆಯವರು ಮೂರು ತಲೆಮಾರಿನಿಂದ ಒಂದು ಮರದ ಮಿಡಿ ಕೊಯ್ಯುತ್ತಾರೆ. ಅದರ ಪರಿಮಳ, ಅದರ ಸೊನೆ ಬೇರೆ ಯಾವ ಮರಕ್ಕೂ ಇಲ್ಲ. ಎಂಟು ವರ್ಷವಾದರೂ ಭರಣಿಯಲ್ಲಿ ಮಿಡಿ ಮೆತ್ತಗಾಗುವುದಿಲ್ಲ. ಆ ಮರ ಎಲ್ಲಿದೆ ಎಂದು ಮಾತ್ರ ಅವಳು ಯಾರಿಗೂ ಹೇಳುವುದಿಲ್ಲ. ಜಿಪುಣತನದಿಂದಲ್ಲ. ಮರ ಕಾಡಿನದ್ದು, ನಮ್ಮದು ಎಂದು ತೋರಿಸಲು ಅವಳ ಹತ್ತಿರ ಕಾಗದವಿಲ್ಲ. ಗೊತ್ತಾದರೆ ಗಾಡಿ ತಗೊಂಡು ಬರುವವರಿದ್ದಾರೆ. ಹತ್ತಿ ಒಂದೊಂದೇ ಮಿಡಿ ತೊಟ್ಟು ಸಮೇತ ಕೊಯ್ಯಲು ಎರಡು ದಿನ ಬೇಕು. ಕೊಂಬೆಯನ್ನೇ ಕಡಿದು ಕೆಡವಿದರೆ ಗಂಟೆ ಸಾಕು. ಅದೇ ಹಳ್ಳದ ಮೇಲೆ ಅಂಥ ಮರ ಇನ್ನೂ ಮೂರಿದ್ದವಂತೆ. ಮೂರೂ ಹಾಗೇ ಹೋದವು.

ಸಾಹೇಬರು ಆ ಮರ ನೋಡಬೇಕೆಂದರು. ಆಗುವುದಿಲ್ಲ ಎಂದೆ. ಮಾರನೆಯ ದಿನ ಮತ್ತೆ ಕೇಳಿದರು. ಹದಿನೈದು ದಿನ ಕೇಳಿದರು. ಕೊನೆಗೆ ನಾನೇ ಗಂಗಕ್ಕನ ಹತ್ತಿರ ಮಾತೆತ್ತಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ಜವಾಬ್ದಾರಿ ತಗೊಳ್ತ್ರಾ ಅಂಗಡಿ ಅಣ್ಣ?"

"ತಗೋತೀನಿ."

"ಫೋನು ಗಾಡಿಯಲ್ಲೇ ಇಡ್ಬೇಕು. ಫೋಟೊ ತೆಗೆಯೂಕಿಲ್ಲ. ಹೊರಗೆ ಬಾಯಿ ಬಿಡೂಕಿಲ್ಲ. ಎಂತಾದ್ರೂ ಆದ್ರೆ ನಿಮ್ಮನ್ನೇ ಕೇಳ್ವವಳು ನಾ."

ಕೊಯ್ಲಿನ ದಿನವೇ ಹೋದೆವು. ಯಲ್ಲಾಪುರದಲ್ಲಿ ಚಹಾ ಕುಡಿದು, ಇಡಗುಂದಿ ದಾಟಿ, ಗಾಡಿ ಒಂದು ಕಡೆ ನಿಲ್ಲಿಸಿ ಇಳಿದೆವು. ಇದಕ್ಕಿಂತ ಹೆಚ್ಚು ದಾರಿ ಹೇಳಲಾರೆ. ಸಾಹೇಬರು ತಾವೇ ಫೋನು ತೆಗೆದು ಸೀಟಿನ ಕೆಳಗಿಟ್ಟರು, ಗಾಡಿಯ ಬಾಗಿಲು ಮೂರು ಸಲ ಜಗ್ಗಿ ನೋಡಿದರು. ಮರದ ಕೆಳಗೆ ಹೋಗಿ ನಿಂತಾಗ ಟೋಪಿ ತೆಗೆದರು. ಗಂಗಕ್ಕನ ಮೈದುನ ಹಗ್ಗ ಹಾಕಿಕೊಂಡು ಮೇಲೆ ಹತ್ತಿ, ಕೊಯ್ದ ಮಿಡಿಯನ್ನು ಸೊಪ್ಪು ಹಾಸಿದ ಬುಟ್ಟಿಯಲ್ಲಿ ಇಳಿಸುತ್ತಿದ್ದ. ಒಂದು ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೂ ಇಡೀ ಭರಣಿ ಕೆಡುತ್ತದೆ ಎಂದು ಗಂಗಕ್ಕ ಹೇಳಿದ್ದೇ ತಡ, ಸಾಹೇಬರು ಬುಟ್ಟಿ ಇಳಿದಾಗಲೆಲ್ಲ ಎರಡೂ ಕೈ ಚಾಚಿ ಓಡುತ್ತಿದ್ದರು. ತೊಟ್ಟಿಲಲ್ಲಿ ಕೂಸು ಇಳಿಯುತ್ತಿದೆಯೇನೋ ಅನ್ನುವ ಹಾಗೆ! ಗಂಗಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊರಡುವಾಗ ಅವರಿಗೆ ಒಂದು ಸೇರು ಮಿಡಿ ಕೊಟ್ಟಳು. "ಅಡ್ಡಿಲ್ಲ, ಒಳ್ಳೇ ಮನುಷ್ಯ" ಎಂದಳು ನನಗೆ.

ನಾನು ನಿಶ್ಚಿಂತೆಯಾಗಿದ್ದ ದಿನ ನನ್ನ ಬದುಕಿನಲ್ಲಿ ಬಂದದ್ದು ಅಪರೂಪ. ಅದು ಅಂಥದ್ದೊಂದು ದಿನ.

ವಾರದ ಮೇಲೆ ಸಾಹೇಬರು ಅಂಗಡಿಗೆ ಬಂದು ಒಂದು ಗ್ರಾಫ್ ಹಾಳೆ ಕೊಟ್ಟು, ದೊಡ್ಡದು ಮಾಡಿ ಎಂದರು. ಯಂತ್ರಕ್ಕೆ ಹಾಕಲು ಮಗುಚುವಾಗ ಕಣ್ಣು ಹೋಯಿತು. ಹಳ್ಳ. ಹಳ್ಳ ದಾಟಲು ಎರಡು ದಿಮ್ಮಿ ಹಾಸಿದ ಸಂಕ. ಅದರ ಮುಂದೆ, ಮಲಗಿದ ಎಮ್ಮೆಯ ಹಾಗೆ ಕಾಣುವ ಬಂಡೆ. ನಡುನಡುವೆ ಹೆಜ್ಜೆಯ ಲೆಕ್ಕ. ಹಳ್ಳ ಎಡಕ್ಕೆ ತಿರುಗುವಲ್ಲಿ ಮರ. ಬುಡದ ಎರಡು ಕವಲು ಸಮೇತ, ಇದ್ದದ್ದು ಇದ್ದ ಹಾಗೆ!

ಹಾಳೆ ಎತ್ತಿ ಹಿಡಿದೆ. "ಏನ್ರಿ ಇದು ಸಾಹೇಬ್ರ? ಕೊಟ್ಟ ಮಾತೇನು?"

ಇದು ಹೊಸ ಆಟಕ್ಕೆ ಎಂದರು. ಒಬ್ಬ ಹೆಂಗಸು ಹಳ್ಳದ ಗುಂಟ ಮೇಲಕ್ಕೆ ನಡೆಯುವ ಆಟ. ಫೋಟೊ ತೆಗೆದಿಲ್ಲ, ಯಾರಿಗೂ ಹೇಳಿಲ್ಲ ಎಂದರು. ಅವರ ಪಾಲಿಗೆ ಬರೆಯುವುದು ಎಂದರೆ ಹೇಳಿದ ಹಾಗಲ್ಲ. ನಲವತ್ತು ವರ್ಷ ಕಂಡದ್ದನ್ನೆಲ್ಲ ಚೌಕಕ್ಕೆ ತುಂಬಿದ ಕೈ, ತನ್ನ ಪಾಡಿಗೆ ತಾನು ಬರೆದುಬಿಟ್ಟಿತ್ತು. "ದಾರಿ ಸುಳ್ಳಾದರೆ ನಡೆಯುವವನ ಕಾಲಿಗೆ ಗೊತ್ತಾಗುತ್ತದೆ" ಎಂದೂ ಹೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಅವರ ಆಟ ಹುಡುಕಿ ಹುಡುಕಿ ಆಡುವವರಿದ್ದಾರೆ. ನಮ್ಮೂರವರೂ ಫೋನಿನಲ್ಲಿ ಆಡುತ್ತಾರೆ. ಆ ಸಂಕ, ಆ ಎಮ್ಮೆಕಲ್ಲು ಒಬ್ಬ ಗುರುತು ಹಿಡಿದರೆ ಸಾಕಲ್ಲ! "ನಿಮ್ಮಂಥವರನ್ನ ಆ ಹೆಣ್ಮಗಳ ಬಾಗಿಲಿಗೆ ಕರಕೊಂಡು ಹೋಗಿದ್ದೇ ನನ್ನ ತಪ್ಪು. ಉಂಡ ಮನಿ ಜಂತಿ ಎಣಿಸಿದ್ರಿ" ಎಂದುಬಿಟ್ಟೆ. ಫೋನಿನ ರಾಣಿ ಅದನ್ನು ಜಪಾನಿಯಲ್ಲಿ ಏನೆಂದು ಹೇಳಿದಳೋ ನನಗೆ ಗೊತ್ತಿಲ್ಲ. ಸಾಹೇಬರ ಮುಖ ಬಿಳಚಿಕೊಂಡಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಯೋಚಿಸುತ್ತೇನೆ" ಎಂದರು. ಹತ್ತು ದಿನದಲ್ಲಿ ಊರಿಗೆ ಹೊರಟರು. ಬಸ್ಸಿನ ತನಕ ಹೋಗಿದ್ದೆ, ಆದರೆ ಸರಿಯಾಗಿ ಮಾತಾಡಲಿಲ್ಲ.

ಯೋಚಿಸುತ್ತೇನೆ ಅಂದರೆ ಏನು? ಹೌದೋ, ಅಲ್ಲವೋ? ಎರಡು ವರ್ಷ ಈ ಒಂದು ಮಾತು ನನ್ನನ್ನು ತಿಂದಿತು. ಎರಡು ಸಲ ಬರೆದು ಕೇಳಿದೆ. ಆಟದ ವಿಷಯ ಕೇಳಿದರೆ ಆ ಮನುಷ್ಯ ಎಂದಾದರೂ ಹೇಳಿದ್ದುಂಟೇ? ಎರಡು ಸಲವೂ ಮಿಡಿಯ ವಿಷಯ ಬರೆದರು. ಉಪ್ಪುನೀರು ಬಿಟ್ಟಿದೆ, ಬಣ್ಣ ತಿರುಗಿದೆ, ಖಾರ ಯಾವಾಗ ಹಾಕಬೇಕು, ಶಾಂತಾ-ಸಾನ್ ಅವರನ್ನು ಕೇಳಿ ಹೇಳಿ. ನಾನು ಹಟಕ್ಕೆ ಬಿದ್ದು ಎರಡನೆಯದಕ್ಕೆ ಉತ್ತರವನ್ನೇ ಬರೆಯಲಿಲ್ಲ. ಅದೇ ಅವರ ಕೊನೆಯ ಪತ್ರವಾಯಿತು. ಖಾರ ಯಾವಾಗ ಹಾಕಬೇಕು ಎಂದು ಕೇಳಿದವರಿಗೆ ಒಂದು ಸಾಲು ಬರೆಯಲು ನನಗೇನು ಧಾಡಿಯಾಗಿತ್ತು?

ಗಂಗಕ್ಕನಿಗೆ ಆ ನಕ್ಷೆಯ ಸುದ್ದಿ ನಾನು ಹೇಳಿರಲಿಲ್ಲ. ಎರಡು ಕೊಯ್ಲು ಕಳೆದವು. ಅವಳು ಮಿಡಿ ತಂದುಕೊಟ್ಟಾಗಲೆಲ್ಲ ಮುಖ ನೋಡದೆ ದುಡ್ಡು ಎಣಿಸಿ ಕೊಡುತ್ತಿದ್ದೆ. ಈಗ ಸಾಹೇಬರೇ ಇಲ್ಲ, ಆಟ ಹೊರಬೀಳುತ್ತಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಜಪಾನಿನ ಆ ಹೆಣ್ಣುಮಗಳಿಗೆ ಬರೆದೆ: ಸಾಹೇಬರು ನನಗೆ ಬೇಕಾದವರು, ಅವರ ಕೊನೆಯ ಆಟ ಜನಕ್ಕೆ ಕೊಡುವ ಮುಂಚೆ ಒಮ್ಮೆ ನೋಡಬಹುದೇ? ಎರಡೇ ದಿನಕ್ಕೆ ಕಳಿಸಿಕೊಟ್ಟಳು. ಕಳಿಸಿದ್ದನ್ನು ತೆರೆಯಲು ನನಗೆ ಕೈ ಬರಲಿಲ್ಲ. ಹೇಗೂ ಆ ಹಳ್ಳದ ಕಲ್ಲು ಕಲ್ಲೂ ಗೊತ್ತಿರುವವಳು ಗಂಗಕ್ಕ ಒಬ್ಬಳೇ ಎಂದುಕೊಂಡು ಇಡಗುಂದಿಗೆ ಹೋಗಿ ಎಲ್ಲ ಒಪ್ಪಿಸಿದೆ.

ಗಂಗಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎರಡು ವರ್ಷ ಮಿಡಿ ತಿಂದ್ರಿ, ಇದೊಂದು ಹೇಳ್ಲಿಲ್ಲ ಅಲ್ದಾ" ಎಂದಳು. ಆಮೇಲೆ ಸೀರೆ ಬದಲಾಯಿಸಿಕೊಂಡು ಬಂದು ಗಾಡಿಯಲ್ಲಿ ಕೂತಳು.

ಅದು ಭಾನುವಾರ. ಅಂಗಡಿಯ ಶಟರ್ ಅರ್ಧ ಎಳೆದು, ಶಾಂತಾಳನ್ನೂ ಕರೆದು, ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. ಕೀ ಒತ್ತಲು ನಾನು ಕೈ ಚಾಚಿದೆ. "ಸರೀರಿ ಆ ಕಡೆ, ನಿಮ್ಮ ಕೈಯಾಗ ಕೊಟ್ರ ಮೊದಲನೇ ಕಲ್ಲಿಗೇ ಮುಗಸ್ತೀರಿ" ಎಂದು ಶಾಂತಾ ನನ್ನನ್ನು ನೂಕಿ ತಾನೇ ಕೂತಳು.

ಪರದೆಯ ಮೇಲೆ ಕಾಡು ಬಂತು. ಬುಟ್ಟಿ ಹಿಡಿದ ಒಬ್ಬ ಹೆಂಗಸು ಹಳ್ಳದ ಪಕ್ಕ ನಿಂತಿದ್ದಳು.

"ಇದು ನಾನಾ?" ಎಂದಳು ಗಂಗಕ್ಕ. "ನಾ ಇಷ್ಟು ಕುಳ್ಳಿ ಅಲ್ಲಪ್ಪ."

ಶಾಂತಾ ನಡೆಸಿದಳು. ನೀರಿನ ಸದ್ದು ಬರುತ್ತಿತ್ತು. ಸಾಹೇಬರು ಆ ಸದ್ದನ್ನು ತಮ್ಮ ಮನೆಯ ಬಚ್ಚಲ ತೊಟ್ಟಿಯಲ್ಲಿ ಕೈಯಾಡಿಸಿ ತಾವೇ ಮಾಡಿದ್ದರೆಂದು ಜಪಾನಿನ ಹೆಣ್ಣುಮಗಳು ಬರೆದಿದ್ದಳು. ಗಂಗಕ್ಕ ಕಿವಿಗೊಟ್ಟು, "ಮಳೆ ಬಿಟ್ಟ ಮೇಲಿನ ನೀರು ಇದು" ಎಂದಳು. ಸಂಕ ಬಂತು. ಎರಡು ದಿಮ್ಮಿ. ಕಾಲಿಟ್ಟ ಕೂಡಲೇ ಎರಡನೆಯ ದಿಮ್ಮಿ ಅಲುಗಿತು.

"ಅಯ್ಯೋ, ಅದು ಅಲಗೂದು ನಿಜ" ಎಂದು ಗಂಗಕ್ಕ ನನ್ನ ತೋಳು ಹಿಡಿದಳು.

ಸಂಕ ದಾಟಿ ನಡೆದಷ್ಟೂ ನಿಜವೇ. ಬಿದಿರುಮೆಳೆ ನಿಜ. ಬೇರು ಎಡವುವ ಜಾಗ ನಿಜ. ಎಮ್ಮೆಕಲ್ಲು ಬಂತು, ಅದರ ಬೆನ್ನ ಮೇಲಿನ ಬಿರುಕು ಕೂಡ ಬಂತು. ಬದಲಾಯಿಸುತ್ತೇನೆ ಎಂದು ಅವರು ಎಂದೂ ಹೇಳಿರಲಿಲ್ಲ, ಯೋಚಿಸುತ್ತೇನೆ ಎಂದಿದ್ದರು ಅಷ್ಟೇ. ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ. ಸತ್ತವರನ್ನು ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈದೆ. ಗಂಗಕ್ಕನ ಉಗುರು ನನ್ನ ತೋಳಿಗೆ ನಾಟಿತ್ತು. ಶಾಂತಾ ಕೀ ಬಿಟ್ಟು ನಮ್ಮಿಬ್ಬರ ಮುಖ ನೋಡಿದಳು.

"ನಡಸ್ಲಿ?"

"ನಡಸಿ ಶಾಂತಕ್ಕ. ನೋಡ್ಲೇಬೇಕು."

ಹಳ್ಳ ಎಡಕ್ಕೆ ತಿರುಗಿತು.

ಅಲ್ಲಿ ಏನೂ ಇರಲಿಲ್ಲ. ದಂಡೆಯ ಸಪಾಟು ನೆಲ, ಸ್ವಲ್ಪ ಹುಲ್ಲು, ಹುಲ್ಲಿನ ಮೇಲೆ ಬಿಸಿಲು. ಶಾಂತಾ ಆ ಹೆಂಗಸನ್ನು ಅತ್ತ ಇತ್ತ ಓಡಾಡಿಸಿದಳು. ಮರವಿಲ್ಲ. ಅತ್ತ ದಂಡೆಯಲ್ಲೂ ಇಲ್ಲ, ಮುಂದಿನ ತಿರುವಿನಲ್ಲೂ ಇಲ್ಲ. ಎಲ್ಲಿಯೂ ಇಲ್ಲ.

"ಉಳಿತು! ಗಂಗಕ್ಕಾ, ಉಳಿತು!" ಎಂದು ನಾನು ಕೂಗಿಬಿಟ್ಟೆ. ಎರಡು ವರ್ಷದ ಭಾರ ಒಮ್ಮೆಲೇ ಇಳಿಯಿತು. ಊರಿನ ಹೆಸರಿಲ್ಲ, ಮರವಿಲ್ಲ. ಯಾರು ಏನನ್ನು ಹುಡುಕಿಯಾರು! ಮಾತು ಉಳಿಸಿಕೊಂಡಿದ್ದರು ಸಾಹೇಬರು.

ಗಂಗಕ್ಕ ನಗಲಿಲ್ಲ. ಪರದೆಯ ಹತ್ತಿರ ಮುಖ ತಂದು ಬೆರಳಿಟ್ಟಳು.

"ಅಲ್ಲಿ ಬಿಸ್ಲು ಬೀಳೂದಿಲ್ಲ" ಎಂದಳು. "ನಾ ಮದ್ವೆಯಾಗಿ ಬಂದಾಗಿಂದ ಅಲ್ಲಿ ಬಿಸ್ಲು ಬಿದ್ದದ್ದು ನೋಡ್ಲೇ ಇಲ್ಲ."

"ಆಟ ಅಲ್ಲೇನ್ರಿ ಗಂಗಕ್ಕ, ಖರೇ ಅಲ್ಲ" ಎಂದಳು ಶಾಂತಾ.

"ಗೊತ್ತದೆ. ಆದ್ರೂ ನನ್ನ ಬಿಟ್ಟು ಬನ್ನಿ ಈಗ್ಲೇ. ಮರ ಕಣ್ಣಲ್ಲಿ ನೋಡ್ಬೇಕು."

ಅವಳ ಕೆನ್ನೆ ಒದ್ದೆಯಾಗಿತ್ತು. ಚಹಾ ಸಹ ಕುಡಿಯಲಿಲ್ಲ. ದಾರಿಯುದ್ದಕ್ಕೂ ಮುಂದೆ ಬಾಗಿ ಡ್ಯಾಶ್‌ಬೋರ್ಡು ಹಿಡಿದುಕೊಂಡು ಕೂತಿದ್ದಳು. ಇಡಗುಂದಿ ದಾಟಿದ ಮೇಲೆ ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ಇಳಿದು ಕಾಡಿಗೆ ನುಗ್ಗಿದಳು. ನಾನು ಅಲ್ಲೇ ಕಾದೆ. ಮುಕ್ಕಾಲು ಗಂಟೆಯ ಮೇಲೆ ಬಂದಳು. ಸೆರಗಿನ ತುಂಬ ಒಣ ಎಲೆ ಅಂಟಿಕೊಂಡಿತ್ತು.

"ಅದೆ, ಮರ ಅದೆ" ಎಂದಳು. ಎಲೆ ಕೊಡವಿಕೊಳ್ಳುತ್ತಾ, "ಪಾಪ, ಆ ಮನುಷ್ಯಂಗೆ ಬರೀದೇ ಬಿಡೂಕೆ ಎಷ್ಟು ಕಷ್ಟ ಆಗಿರ್ಬೇಕು" ಎಂದಳು. ನನಗೆ ಆಗ ತೊಡೆಯ ಕೆಳಗೆ ಒತ್ತಿಕೊಂಡಿದ್ದ ಸಾಹೇಬರ ಕೈ ನೆನಪಾಯಿತು.

ಆಟ ನೋಡಿದೆ, ಚೆನ್ನಾಗಿದೆ ಎಂದು ಜಪಾನಿನ ಹೆಣ್ಣುಮಗಳಿಗೆ ಬರೆದೆ. ಮರುದಿನ ಉತ್ತರ ಬಂತು. ಒಂದು ವಿಷಯ ಕೇಳಬೇಕಿತ್ತು ಎಂದು ಬರೆದಿದ್ದಳು. ಹಳ್ಳ ಎಡಕ್ಕೆ ತಿರುಗುವ ಜಾಗದಲ್ಲಿ ಆಡಿ ನೋಡಿದವರೆಲ್ಲ ನಿಂತುಬಿಡುತ್ತಾರೆ, ಇಲ್ಲಿ ಏನೋ ಇರಬೇಕಿತ್ತು ಅನ್ನುತ್ತಾರೆ. ಸಾಹೇಬರು ಕೊನೆಯ ವರ್ಷವೆಲ್ಲ ಆ ಒಂದು ಜಾಗವನ್ನೇ ಬರೆದು ಅಳಿಸಿ, ಬರೆದು ಅಳಿಸಿ ಮಾಡಿದರು, ನಮಗೆ ತೋರಿಸಲಿಲ್ಲ. ಅವರ ಕೆಲಸ ಅರ್ಧಕ್ಕೆ ನಿಂತಿತು ಎಂದು ಜನ ಅಂದುಕೊಳ್ಳಬಾರದು, ನಾವೇ ಅದನ್ನು ತುಂಬಬೇಕೆಂದಿದ್ದೇವೆ. ನೀವು ಅವರ ಜೊತೆ ಅಲ್ಲಿಗೆ ಹೋಗಿದ್ದಿರಂತೆ. ಅಲ್ಲಿ ಏನಿತ್ತು?

ನಾಲ್ಕು ಗಿರಾಕಿಗಳು ಕಾಯುತ್ತಿದ್ದರು. ಝೆರಾಕ್ಸ್ ಯಂತ್ರ ಕಾಗದ ಮುಗಿದು ಕೂಗುತ್ತಿತ್ತು. ನಾನು ಎರಡೇ ಬೆರಳಲ್ಲಿ, ನನ್ನ ಕಾಲು ಇಂಗ್ಲಿಷಿನಲ್ಲಿ, ತಪ್ಪಾಗದ ಹಾಗೆ ಮೂರು ಸಲ ಓದಿಕೊಂಡು ಬರೆದೆ. ಅಲ್ಲಿ ಏನೂ ಇರಲಿಲ್ಲ ತಾಯಿ. ಅವರು ಪೂರ್ತಿ ಮಾಡಿದ್ದಾರೆ, ಹಾಗೇ ಬಿಡಿ.

ಕಳಿಸಿದ ಮೇಲೆ ಅಳು ಬಂತು. ಗಿರಾಕಿಗಳ ಮುಂದೆಯೇ ಅತ್ತೆ.